ಕೊನೆಯ ಪ್ರೊಸೆಸರಿಗೆ ಕಟ್ಟಿದ ಕೆಲಸ

ಯಂತ್ರದಲ್ಲಿ ಆ ಸೌಲಭ್ಯವನ್ನು ಚಾಲೂ ಮಾಡಿದ್ದು ನಾನು ಎಂದು ನನ್ನ ನೆನಪು. ಮಂಗಳೂರಿನಿಂದ ಬರುತ್ತಿದ್ದ ಸರ್ವಿಸ್ ಇಂಜಿನಿಯರ್ ಅದನ್ನು ಮಾಡಿದ್ದು ತಾನು ಎನ್ನುತ್ತಿದ್ದ. ನಮ್ಮಲ್ಲಿ ಒಬ್ಬರ ನೆನಪು ತಪ್ಪಿರಬೇಕು. ಅಥವಾ ಒಬ್ಬರು ಕೂತು ಕೀಲಿ ಒತ್ತಿ, ಇನ್ನೊಬ್ಬರು ಹಿಂದೆ ನಿಂತು ಹೇಳಿಕೊಟ್ಟು, ಕಾಲ ಕಳೆದಂತೆ ಇಬ್ಬರೂ ತಾವೇ ಕೂತಿದ್ದೆವೆಂದು ನಂಬಿಕೊಂಡಿರಬಹುದು. ವರ್ಷ 2001 ಇರಬೇಕು. 2002 ಎಂದು ಯಾರಾದರೂ ಹೇಳಿದರೆ ವಾದ ಮಾಡುವಷ್ಟು ಧೈರ್ಯ ನನಗಿಲ್ಲ. ಆ ದಿನ ಪರದೆಯ ಮೇಲೆ ಮೂಡಿದ 'enable' ಎಂಬ ಒಂದು ಪದ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಆದರೆ ಕಣ್ಣಿಗೆ ಕಟ್ಟಿದಂತಿರುವುದನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ. ಭೌತಶಾಸ್ತ್ರದ ಎಂ.ಎಸ್ಸಿ. ನನಗೆ ಕೊಟ್ಟದ್ದು ಆ ಒಂದು ಚಟವನ್ನು.

ನಾನು ಕೆಲಸ ಮಾಡುತ್ತಿದ್ದದ್ದು ಮಣಿಪಾಲದ ಒಂದು ಸಣ್ಣ ಖಾಸಗಿ ಕಂಪ್ಯೂಟರ್ ಕೇಂದ್ರದಲ್ಲಿ. ಈಗ ಅದು ಮುಚ್ಚಿಹೋಗಿದೆ. ಖಾಸಗಿ ಡಿಪ್ಲೊಮಾ ಪರೀಕ್ಷೆಗಳ ಫಲಿತಾಂಶ ತಯಾರಿಸಿಕೊಡುವುದು ನಮ್ಮ ಮುಖ್ಯ ಕಸುಬು. ಸುತ್ತಲಿನ ಊರುಗಳ ಪರೀಕ್ಷಾ ಕೇಂದ್ರಗಳಿಂದ ಅಂಕಗಳು ಬರುತ್ತಿದ್ದವು, ಹುಡುಗಿಯರು ಅವನ್ನು ಕೂತು ತುಂಬಿಸುತ್ತಿದ್ದರು, ಯಂತ್ರ ಕೂಡಿಸಿ ಕಳೆದು ಪಾಸು-ಫೇಲು ಹೇಳುತ್ತಿತ್ತು. ಯಂತ್ರವೆಂದರೆ ಒಂದು ಯುನಿಕ್ಸ್ ಸರ್ವರ್. ಗಾಜಿನ ಕೋಣೆಯೊಳಗೆ ಫ್ರಿಜ್ಜಿನಷ್ಟು ಎತ್ತರಕ್ಕೆ ನಿಂತು ಹಗಲಿರುಳು ಗುಂಯ್‌ಗುಡುತ್ತಿತ್ತು. ಪರ್ಕಳದ ನನ್ನ ಬಾಡಿಗೆ ಕೋಣೆಯಲ್ಲಿ ಸೆಕೆಗೆ ಒದ್ದಾಡುತ್ತಿದ್ದವನಿಗೆ ಆ ತಂಪು ಕೋಣೆಯೇ ಒಂದು ಆಕರ್ಷಣೆಯಾಗಿತ್ತು.

ಆ ಕೋಣೆಯ ಬೀಗದ ಕೈ ಇದ್ದದ್ದು ಅಕ್ಕನ ಬಳಿ. ಹಿರಿಯ ಆಪರೇಟರ್. ಊರು ಕಾಪು, ಮನೆಮಂದಿಯೆಲ್ಲ ಮೀನಿನ ವ್ಯಾಪಾರ, ಬೋಟು ಎಂದು ಇದ್ದವರು. ಮನೆಯಲ್ಲಿ ತುಳು, ನಮ್ಮೊಂದಿಗೆ ಪುಸ್ತಕದಂಥ ಕನ್ನಡ. ನನಗಿಂತ ಎರಡು ಮೂರು ವರ್ಷ ದೊಡ್ಡವರಿದ್ದಿರಬೇಕು. ಎಲ್ಲರಿಗೂ ಅಕ್ಕ. ಮ್ಯಾನೇಜರರಿಗೂ ಅಕ್ಕ, ಅವರಿಗೆ ಐವತ್ತು ದಾಟಿದ್ದರೂ.

ಸೌಲಭ್ಯದ ವಿಷಯ ಹೇಳಬೇಕು. ನಮ್ಮ ಯಂತ್ರದೊಳಗೆ ನಾಲ್ಕು ಪ್ರೊಸೆಸರುಗಳಿದ್ದವು. ಲೆಕ್ಕ ಮಾಡುವ ನಾಲ್ಕು ತಲೆಗಳು ಎಂದುಕೊಳ್ಳಿ. ಅವುಗಳಲ್ಲಿ ಒಂದು ಸಣ್ಣ ಸಣ್ಣ ತಪ್ಪು ಮಾಡತೊಡಗಿದರೆ ಯಂತ್ರ ಆ ತಪ್ಪನ್ನು ಸದ್ದಿಲ್ಲದೆ ತಿದ್ದಿಕೊಳ್ಳುತ್ತದೆ. ತಿದ್ದಿಕೊಂಡರೂ ಮರೆಯುವುದಿಲ್ಲ, ಎಣಿಸುತ್ತಿರುತ್ತದೆ. ಎಣಿಕೆ ಒಂದು ಮಿತಿ ದಾಟಿತೆಂದರೆ, ಆ ಪ್ರೊಸೆಸರ್ ಪೂರ್ತಿ ಕೆಟ್ಟು ಇಡೀ ಯಂತ್ರವನ್ನು ಬೀಳಿಸುವ ಮೊದಲೇ, ಅದನ್ನು ಕೆಲಸದಿಂದ ತೆಗೆದುಬಿಡುತ್ತದೆ. ಉಳಿದ ಮೂರು ಮುಂದುವರಿಯುತ್ತವೆ. ಕೂತು ಕೆಲಸ ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ಈ ಬುದ್ಧಿ ಯಂತ್ರದೊಳಗೆ ಮೊದಲಿಂದಲೂ ಇತ್ತು, ಆದರೆ ಕಂಪನಿಯವರು ಅದನ್ನು ಬಂದ್ ಮಾಡಿಟ್ಟು ಕಳಿಸಿದ್ದರು. ಬೇಕಾದವರು ಚಾಲೂ ಮಾಡಿಕೊಳ್ಳಬೇಕಿತ್ತು.

ನಾನೋ ಇಂಜಿನಿಯರೋ, ಅಂತೂ ಚಾಲೂ ಮಾಡಿದ ದಿನ ಅಕ್ಕ ಹಿಂದೆ ನಿಂತು ನೋಡುತ್ತಿದ್ದರು.

"ಅಂದ್ರೆ ಅದು ಇನ್ನೂ ಎಂತದೂ ಹಾಳು ಮಾಡಿರುವುದಿಲ್ಲ. ಮಾಡಬಹುದು ಅಂತ ತೆಗೆಯುವುದಾ?"

"ಹೌದು ಅಕ್ಕ," ಎಂದ ಇಂಜಿನಿಯರ್. "ನಿಮ್ಮ ಬೋಟಿನ ಹಲಗೆಯಲ್ಲಿ ನೀರು ಜಿನುಗಿದ್ರೆ ನೀವು ಎಂತ ಮಾಡ್ತೀರಿ?"

"ಹತ್ತಿ ತುರುಕಿ ಎಣ್ಣೆ ಬಳಿಯುತ್ತಾರೆ. ಹಲಗೆ ಕಿತ್ತು ಕಡಲಿಗೆ ಎಸೆಯುವುದಿಲ್ಲ ಮಾರಾಯ್ರೆ."

"ಇದಕ್ಕೆ ಎಣ್ಣೆ ಬಳಿದ್ರೆ ನಮ್ಮ ಕಂಪನಿ ಗ್ಯಾರಂಟಿ ಕೊಡುವುದಿಲ್ಲ."

ಎಲ್ಲರೂ ನಕ್ಕೆವು. ಮ್ಯಾನೇಜರರೂ ಬಂದು ನೋಡಿದರು. ಆಮೇಲೆ ಅವರು ಪರೀಕ್ಷಾ ಕೇಂದ್ರದವರಿಗೆಲ್ಲ ಫೋನಿನಲ್ಲಿ ಹೇಳತೊಡಗಿದರು: "ನಮ್ಮ ಮೆಷಿನ್ ಇನ್ನು ನಿಲ್ಲುವ ಪ್ರಶ್ನೆಯೇ ಇಲ್ಲ. ಹಾಳಾದ ಭಾಗವನ್ನು ಅದೇ ತೆಗೆದು ಬಿಸಾಡ್ತದೆ."

ಯಂತ್ರ ನಿಂತದ್ದು ಅದಾಗಿ ಒಂದೆರಡು ತಿಂಗಳಿಗೆ. ಸಂಜೆಯ ಹೊತ್ತು. ನಾನು ಎದುರಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದೆ. ಫಲಿತಾಂಶದ ಓಟ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ನಾವು ಅದನ್ನು ಓಟ ಎನ್ನುತ್ತಿದ್ದೆವು: ಯಂತ್ರ ಒಂದೊಂದೇ ಊರಿನ ಅಂಕಗಳನ್ನು ಕೈಗೆತ್ತಿಕೊಂಡು, ಗೆರೆಯ ಸಮೀಪ ಇದ್ದವರಿಗೆ ಕೃಪಾಂಕ ಸೇರಿಸಿ, ಮತ್ತೆ ಬರೆದಿಟ್ಟು, ಮುಂದಿನ ಊರಿಗೆ ಹೋಗುತ್ತಿತ್ತು. ವಾಪಸು ಬಂದಾಗ ಮೆಟ್ಟಿಲಲ್ಲೇ ಏನೋ ಸರಿಯಿಲ್ಲವೆನ್ನಿಸಿತು. ಗುಂಯ್ ಸದ್ದು ಇರಲಿಲ್ಲ. ಗಾಜಿನ ಕೋಣೆಯೊಳಗೆ ಅಕ್ಕ ಒಬ್ಬರೇ ನಿಂತಿದ್ದರು, ಒಂದು ಅಂಗೈ ಯಂತ್ರದ ಮೇಲೆ ಇಟ್ಟುಕೊಂಡು.

"ಬಿತ್ತು ಸರ್," ಎಂದರು. "ತಾನೇ ಬಿತ್ತು."

ಯಂತ್ರವನ್ನು ಮತ್ತೆ ಎಬ್ಬಿಸಿದೆವು. ನಾಲ್ಕೂ ಪ್ರೊಸೆಸರುಗಳು ಏನೂ ಆಗದವರಂತೆ ಹಾಜರಿ ಹಾಕಿದವು. ಅಕ್ಕ ಓಟವನ್ನು ಮೊದಲಿಂದ ಶುರು ಮಾಡಿದರು, ಅದು ಮುಗಿಯಿತು, ಫಲಿತಾಂಶ ಹೋಯಿತು. ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಕಾರ್ಕಳದ ಪರೀಕ್ಷಾ ಕೇಂದ್ರದ ಗುಮಾಸ್ತರು ಬಂದದ್ದು ಆ ವಾರವೇ ಇರಬೇಕು. ದೂರು ಕೊಡಲು ಬಂದವರು ಸಾಮಾನ್ಯವಾಗಿ ಫೇಲಾದವರ ಪರವಾಗಿ ಬರುತ್ತಿದ್ದರು. ಇವರ ದೂರು ತಿರುಗುಮುರುಗಾಗಿತ್ತು.

"ನಮ್ಮಲ್ಲಿ ಇಷ್ಟು ಜನ ಪಾಸಾಗುವುದಿಲ್ಲ ಮಾರಾಯ್ರೆ. ನಮ್ಮ ಮಕ್ಕಳು ನಮಗೆ ಗೊತ್ತಿಲ್ವಾ?"

"ಪಾಸಾದ್ರೆ ಸಂತೋಷ ಅಲ್ವಾ?" ಎಂದರು ಮ್ಯಾನೇಜರ್.

"ಸಂತೋಷವೇ. ಆದ್ರೆ ಒಬ್ಬ ಉಂಟು, ಅವ ಉತ್ತರ ಪತ್ರಿಕೆಯಲ್ಲಿ ಬರೆದದ್ದು ಅವನ ನಂಬರು ಮಾತ್ರ. ಅವನೂ ಪಾಸ್ ಅಂದ್ರೆ ಹೇಗೆ?"

ಅವರು ಉತ್ಪ್ರೇಕ್ಷೆ ಮಾಡುತ್ತಿದ್ದರು. ಆದರೆ ತೆಗೆದು ನೋಡಿದಾಗ ಕಾರಣ ಬೇಗ ಸಿಕ್ಕಿತು. ಯಂತ್ರ ಬೀಳುವ ಮೊದಲು ಓಟ ಕಾಪು, ಕಾರ್ಕಳ, ಕುಂದಾಪುರ ದಾಟಿತ್ತು. ಆ ಊರುಗಳಿಗೆ ಕೃಪಾಂಕ ಸೇರಿಸಿ ಬರೆದಿಟ್ಟಾಗಿತ್ತು. ಮೊದಲಿಂದ ಮತ್ತೆ ಓಡಿಸಿದಾಗ ಅದೇ ಮೂರು ಊರಿನವರಿಗೆ ಎರಡನೇ ಸಲ ಸೇರಿತು. ಓಟವನ್ನು ಬರೆದ ಪುಣ್ಯಾತ್ಮ ಅದು ನಡುವೆ ನಿಲ್ಲಬಹುದೆಂದು ಯೋಚಿಸಿರಲಿಲ್ಲ.

ಫಲಿತಾಂಶವನ್ನು ತಿದ್ದಿ ಕಳಿಸಿದೆವು. ಅವಮಾನವೇನೋ ಆಯಿತು. ಆದರೆ ಮ್ಯಾನೇಜರರು ಅಷ್ಟಕ್ಕೆ ಬಿಡಲಿಲ್ಲ. ಗುಮಾಸ್ತರು ಬಸ್ಸು ಹತ್ತಿದ ಮೇಲೆ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಕೆಟ್ಟ ಭಾಗವನ್ನು ಮೆಷಿನ್ ತಾನೇ ತೆಗೆಯುತ್ತದೆ ಅಂತ ಹೇಳಿದ್ದು ನೀವೇ ಅಲ್ವಾ?"

"ಹೌದು."

"ಹಾಗಾದ್ರೆ ಅದು ತಾನಾಗಿ ಬೀಳ್ಲಿಕ್ಕೆ ಸಾಧ್ಯವೇ ಇಲ್ಲ."

"ಬೇರೆ ಕಾರಣಗಳೂ ಇರಬಹುದು."

"ಎಂತ ಕಾರಣ? ಕರೆಂಟ್ ಇತ್ತು. ಎ.ಸಿ. ಇತ್ತು. ಒಳಗೆ ಇದ್ದದ್ದು ಅವಳೊಬ್ಬಳು." ಅವರ ಬಾಯಲ್ಲಿ ಅಕ್ಕ 'ಅವಳು' ಆದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅವಳ ತಮ್ಮ ಈ ಸಲ ಪರೀಕ್ಷೆ ಬರೆದಿದ್ದಾನೆ. ಗೊತ್ತುಂಟಾ? ಇರುವುದು ಎಲ್ಲಿ? ಕಾರ್ಕಳದಲ್ಲಿ, ಮಾವನ ಮನೆಯಲ್ಲಿ. ಕಾರ್ಕಳ ದಾಟಿದ ಮೇಲೆ ಆಫ್ ಮಾಡಿ ಮೊದಲಿಂದ ಓಡಿಸಿದ್ರೆ ಅವನಿಗೆ ಎರಡು ಸಲ ಕೃಪಾಂಕ."

ಗೊತ್ತಿತ್ತು. ಚಹಾ ಕುಡಿಯುವಾಗ ಅಕ್ಕನೇ ಹೇಳಿದ್ದರು, ತಮ್ಮ ಪಾಸಾದ ಎಂದು ಪೇಡೆಯನ್ನೂ ಹಂಚಿದ್ದರು. ಮ್ಯಾನೇಜರರೂ ತಿಂದಿದ್ದರು.

"ಅವರನ್ನೇ ಕೇಳಿದರೆ?"

"ಎಂತ ಕೇಳುವುದು? ತಮ್ಮನ ವಿಷಯ ಎತ್ತಿದ್ರೆ ಎಚ್ಚರ ಆಗ್ತಾಳೆ. ಮೆಷಿನ್ ಆಫ್ ಮಾಡಿದ್ದು ನೀನಾ ಅಂತ ಮಾತ್ರ ಕೇಳಿದ್ದೇನೆ. ಇಲ್ಲ ಅಂದಳು. ಕೀ ತೆಗೆದುಕೊಂಡಿದ್ದೇನೆ. ಮುಂದಿನ ವಾರ ಇಂಜಿನಿಯರ್ ಬಂದು, ಮೆಷಿನಿನಲ್ಲಿ ದೋಷ ಇಲ್ಲ ಅಂತ ಹೇಳಿದ್ರೆ ಮನೆಗೆ ಕಳಿಸುವುದು. ಬೇರೆ ಕಡೆ ಕೆಲಸವೂ ಸಿಕ್ಕದ ಹಾಗೆ ಹೇಳಿ ಕಳಿಸ್ತೇನೆ."

ಮಣಿಪಾಲದಲ್ಲಿ ಆಗ ಇಂಥ ಕೆಲಸ ಕೊಡುವ ಜಾಗಗಳು ಕೆಲವೇ ಇದ್ದವು, ಅವರೆಲ್ಲ ಒಬ್ಬರಿಗೊಬ್ಬರು ಪರಿಚಿತರು. ಅಂಕ ತಿದ್ದಿದವಳು ಎಂಬ ಒಂದು ಮಾತು ಸಾಕಿತ್ತು. ಅಕ್ಕನಿಗೆ ಆ ಮಾತು ತನ್ನ ಮೇಲೆ ಇದೆಯೆಂದೇ ಗೊತ್ತಿರಲಿಲ್ಲ. ಯಂತ್ರ ಬೀಳಿಸಿದ ಆರೋಪ ಮಾತ್ರ ತನ್ನ ಮೇಲಿದೆ ಎಂದು ಅವರು ತಿಳಿದಿದ್ದರು.

ನಾನು ಅವರನ್ನು ನಂಬಿದ್ದೆನೇ? ಇಲ್ಲ. ಆ ವಾರ ನಾನು ಯಾರನ್ನೂ ನಂಬಲಿಲ್ಲ. ಅಂಗೈ ಯಂತ್ರದ ಮೇಲೆ ಯಾಕಿತ್ತು? ಸ್ವಿಚ್ಚು ಇರುವುದು ಅದೇ ಎತ್ತರದಲ್ಲಿ. ಅಥವಾ ನಾನು ಆಮೇಲೆ ಅನುಮಾನ ಹುಟ್ಟಿದಾಗ ಆ ಕೈಯನ್ನು ಅಲ್ಲಿಗೆ ಸರಿಸಿಕೊಂಡೆನೇ? ಮ್ಯಾನೇಜರರ ಮೇಲೂ ನನಗೆ ಅನುಮಾನವಿತ್ತು. ಯಂತ್ರ ನಿಲ್ಲುವುದೇ ಇಲ್ಲವೆಂದು ಊರಿಗೆಲ್ಲ ಹೇಳಿದವರು ಅವರು. ಯಂತ್ರದ್ದೇ ದೋಷವೆಂದಾದರೆ ಆ ಮಾತು ಸುಳ್ಳಾಗುತ್ತಿತ್ತು. ಇಂಜಿನಿಯರಿನ ಮೇಲೂ. ಪ್ರೊಸೆಸರ್ ಕೆಟ್ಟಿದೆ ಎಂದಾದರೆ ಅವನ ಕಂಪನಿ ಹೊಸದನ್ನು ಪುಕ್ಕಟೆ ಹಾಕಿಕೊಡಬೇಕಿತ್ತು. ನನ್ನ ಲಾಭವೂ ಆ ಕಡೆಗೇ ಇತ್ತು: ಸೌಲಭ್ಯವನ್ನು ಚಾಲೂ ಮಾಡಿದವನು ನಾನಾಗಿದ್ದರೆ, ಅದು ಸರಿಯಾಗಿ ಕೆಲಸ ಮಾಡಿತ್ತು ಎನ್ನುವುದೇ ನನಗೆ ಅನುಕೂಲ. ಅಕ್ಕನದು ತಪ್ಪು ಎಂದರೆ ಮೂವರಿಗೂ ನೆಮ್ಮದಿ. ಇಷ್ಟೊಂದು ಜನರಿಗೆ ಅನುಕೂಲವಾಗುವ ಉತ್ತರವನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಬಾಗಿಲ ಬಳಿ ಇರುತ್ತಿದ್ದ ಕಾವಲುಗಾರನನ್ನು ಹಿಡಿದೆ. ಬಾಗಲಕೋಟೆ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಬಂದು, ನಾವಿದ್ದ ಕಟ್ಟಡವನ್ನೇ ಕಟ್ಟಿ, ಆಮೇಲೆ ಅದರ ಬಾಗಿಲಿಗೇ ಕೂತವನು. ಮ್ಯಾನೇಜರರಿಗೆ ಅವನು ಹೇಳಿದ್ದು, ಅಕ್ಕ ಒಳಗೆ ಹೋದರು, ಆಮೇಲೆ ಸದ್ದು ನಿಂತಿತು ಎಂದು. ನನಗೆ ಹೇಳಿದ್ದು ಬೇರೆ.

"ಸದ್ದು ನಿಂತಿದ್ದಕ್ಕ ಅಕ್ಕಾರು ಓಡಿ ಹೋದ್ರು ನೋಡ್ರಿ."

"ಮ್ಯಾನೇಜರರ ಹತ್ತಿರ ಮೊದಲು ಅಕ್ಕ ಹೋದರು ಅಂದಿದ್ದೀರಂತೆ?"

"ಹೌದ್ರಿ, ಅಂದೀನಿ."

"ಯಾವುದು ನಿಜ?"

ಅವನು ತಲೆ ಕೆರೆದುಕೊಂಡ. "ಸಾಹೇಬ್ರು ಕೇಳಿದಾಗ ಹಂಗ ನೆನಪಾತ್ರಿ. ನೀವು ಕೇಳಿದಾಗ ಹಿಂಗ ನೆನಪಾತ್ರಿ. ಇನ್ನೊಬ್ರು ಕೇಳಿದ್ರ ನಾನು ಊರಿಗೆ ಹೋಗಿದ್ದೆ ಅಂತೀನ್ರಿ, ಸಾಕಾಗೈತಿ."

ಅವನ ಮೇಲೆ ಕೋಪ ಬರಲಿಲ್ಲ. ನನ್ನ ನೆನಪೂ ಅದೇ ಅಂಗಡಿಯದು.

ಯಂತ್ರ ತನ್ನ ದೋಷಗಳನ್ನು ಬರೆದಿಟ್ಟುಕೊಳ್ಳುತ್ತದೆ. ಆ ಸಂಜೆಯ ಸಾಲುಗಳನ್ನು ನಾನು ಆಗಲೇ ನೋಡಿದ್ದೆ. ಅದರಲ್ಲಿ ಒಂದು ಸಾಲು, ಪ್ರೊಸೆಸರನ್ನು ತೆಗೆಯಲು ಹೊರಟು ಕೈಬಿಟ್ಟೆ ಎಂಬ ಅರ್ಥದ್ದು, ನನಗೆ ತಲೆಬುಡ ತಿಳಿಯಲಿಲ್ಲ. ಫೋನಿನಲ್ಲಿ ಕೇಳಿದಾಗ ಇಂಜಿನಿಯರ್ ತಳ್ಳಿಹಾಕಿದ.

"ಸೌಲಭ್ಯ ಆನ್ ಉಂಟಲ್ಲ? ಮತ್ತೆ ಕೈಬಿಡ್ಲಿಕ್ಕೆ ಅದಕ್ಕೆಂತ ಹುಚ್ಚಾ? ಯಾರೋ ಸ್ವಿಚ್ ಒತ್ತಿದ್ದಾರೆ, ಆ ಗಡಿಬಿಡಿಗೆ ಎಂತೆಂತದೋ ಬರೆದಿರ್ತದೆ. ಅದಕ್ಕೆಲ್ಲ ಮಂಡೆ ಬಿಸಿ ಮಾಡ್ಬೇಡಿ."

ಮಂಡೆ ಬಿಸಿ ಆಗಿಯೇ ಇತ್ತು.

ಮುಂದಿನ ವಾರ ಅವನು ಬಂದ. ಗಾಜಿನ ಕೋಣೆಯಲ್ಲಿ ನಾವು ಮೂವರು: ಅವನು, ನಾನು, ಮ್ಯಾನೇಜರ್. ಅಕ್ಕನನ್ನು ಹೊರಗೆ, ಅಂಕ ತುಂಬಿಸುವ ಹುಡುಗಿಯರ ಸಾಲಿನಲ್ಲಿ ಕೂರಿಸಿದ್ದರು. ಗಾಜಿನಾಚೆ ಅವರ ಬೆನ್ನು ಕಾಣುತ್ತಿತ್ತು. ಇಂಜಿನಿಯರಿನ ಬಳಿ ಒಂದು ಪರೀಕ್ಷಾ ಆಜ್ಞೆ ಇತ್ತು. ಅದನ್ನು ಕೊಟ್ಟರೆ ಯಂತ್ರ ತನ್ನ ಒಂದು ಪ್ರೊಸೆಸರ್ ಹದಗೆಡುತ್ತಿದೆ ಎಂದು ನಂಬುತ್ತದೆ. ಅವನು ಅದನ್ನು ಕೊಟ್ಟ. ನಾಲ್ಕು ಇದ್ದದ್ದು ಮೂರಾಯಿತು. ಯಂತ್ರದ ಉಸಿರು ಕೂಡ ತಪ್ಪಲಿಲ್ಲ. ಹೊರಗೆ ಹುಡುಗಿಯರು ಟೈಪು ಮಾಡುತ್ತಲೇ ಇದ್ದರು.

"ನೋಡಿ," ಎಂದ ಇಂಜಿನಿಯರ್, ತಾಳಮದ್ದಳೆಯಲ್ಲಿ ಅರ್ಥ ಹೇಳಿ ಮುಗಿಸಿದವನಂತೆ ಕುರ್ಚಿಗೆ ಒರಗಿ. "ಸರಿಯಾಗಿಯೇ ಉಂಟು."

"ಇನ್ನೆಂತ ಬೇಕು ನಿಮಗೆ?" ಎಂದು ಮ್ಯಾನೇಜರ್ ನನ್ನ ಕಡೆ ತಿರುಗಿದರು. ಅವರು ಎದ್ದೂ ಆಗಿತ್ತು.

ಮುಂದಿನ ಮಾತನ್ನು ಆಡಿದವರು ಯಾರು ಎಂಬುದು ನನಗೆ ಖಚಿತವಿಲ್ಲ. ಓಟ ನಡೆಯುವಾಗ ಇದ್ದ ಸ್ಥಿತಿಯಲ್ಲೇ ಪರೀಕ್ಷೆ ಮಾಡೋಣ ಎಂದು ನಾನು ಹೇಳಿದೆ ಎಂದು ಬಹಳ ಕಾಲ ನಂಬಿದ್ದೆ. ಅದು ನನಗೆ ಒಪ್ಪುವ ಮಾತು ಬೇರೆ. ಆದರೆ ನೆನಪಿನಲ್ಲಿ ಇನ್ನೊಂದು ಚಿತ್ರವೂ ಇದೆ: ಮೂವರಿಗೂ ಚಹಾ ಬಂತೆಂದು ಬಾಗಿಲು ತೆರೆದ ಅಕ್ಕ, ಪರದೆಯ ಕಡೆ ಒಂದು ನೋಟ ಹಾಯಿಸಿ, "ಅವತ್ತು ಹೀಗೆ ಖಾಲಿ ಇರಲಿಲ್ಲ ಅಲ್ವಾ? ಓಟ ಇತ್ತು. ಓಡಿಸಿ ನೋಡುವ" ಎನ್ನುತ್ತಾರೆ. ಎರಡೂ ನಿಜವಾಗಿರಲಾರವು ಎಂದೇನೂ ಇಲ್ಲ. ಅಂತೂ ಯಂತ್ರವನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಿ, ಪ್ರೊಸೆಸರುಗಳನ್ನು ಮತ್ತೆ ನಾಲ್ಕಕ್ಕೆ ತಂದು, ಓಟವನ್ನು ಸುಳ್ಳು ಅಂಕಗಳ ಮೇಲೆ ಶುರು ಮಾಡಿಸಿದೆವು. ಅಕ್ಕನೇ ಕೂತು ಶುರು ಮಾಡಿದರು. ಬೆರಳುಗಳು ಅಭ್ಯಾಸದ ಪ್ರಕಾರ ಹರಿದವು, ಕೊನೆಯಲ್ಲಿ ಒಂದು ಸಣ್ಣ ಆಜ್ಞೆ ಹೆಚ್ಚಿಗೆ ಹಾಕಿದವು.

"ಇದೆಂತ?" ಎಂದ ಇಂಜಿನಿಯರ್.

"ಕಟ್ಟಿದ್ದು."

"ಎಂತ ಕಟ್ಟಿದ್ದು?"

"ಓಟವನ್ನು ಕಡೇ ಪ್ರೊಸೆಸರಿಗೆ ಕಟ್ಟಿ ಹಾಕುವುದು. ಯಾವಾಗ್ಲೂ ಹಾಗೆಯೇ ಅಲ್ವಾ?"

ಹೌದು, ಯಾವಾಗಲೂ ಹಾಗೆಯೇ. ನನಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಮನೆಯಿಂದ ಹೊರಡುವಾಗ ಬಾಗಿಲು ಎಳೆದುಕೊಳ್ಳುವಂತೆ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಯಂತ್ರದಲ್ಲಿ ಎರಡೇ ಪ್ರೊಸೆಸರುಗಳಿದ್ದ ಕಾಲದಲ್ಲಿ, ಓಟ ನಡೆದಾಗ ಅಂಕ ತುಂಬಿಸುವವರ ಪರದೆಗಳು ಮರಗಟ್ಟುತ್ತಿದ್ದವಂತೆ. ಆಗ ಬರುತ್ತಿದ್ದ ಬೇರೊಬ್ಬ ಇಂಜಿನಿಯರ್ ಉಪಾಯ ಹೇಳಿಕೊಟ್ಟ: ಓಟವನ್ನು ಎರಡನೆಯದಕ್ಕೆ ಕಟ್ಟಿ, ಮೊದಲನೆಯದು ಹುಡುಗಿಯರಿಗೆ ಇರಲಿ. ಆಮೇಲೆ ಪ್ರೊಸೆಸರುಗಳು ನಾಲ್ಕಾದವು. ಕಟ್ಟುವ ಅಗತ್ಯ ಹೋಯಿತು, ಕಟ್ಟುವುದು ಉಳಿಯಿತು. ಎರಡನೆಯದರ ಬದಲು ಕೊನೆಯದಕ್ಕೆ ಕಟ್ಟಿದರು. ಬಸ್ಸಿನ ಹಿಂದಿನ ಸೀಟಿನಂತೆ, ಅಲ್ಲಿ ಯಾರ ತಂಟೆಯೂ ಇರುವುದಿಲ್ಲ ಎಂಬ ಭಾವನೆ. ಹೊಸಬರಿಗೂ ಹಾಗೆಯೇ ಕಲಿಸಿದರು. ನನಗೂ ಹಾಗೆಯೇ ಕಲಿಸಿದ್ದರು.

ಇಂಜಿನಿಯರ್ ಅದೇ ಪರೀಕ್ಷಾ ಆಜ್ಞೆ ಕೊಟ್ಟ. ನಾವು ಪರದೆ ನೋಡುತ್ತಾ ನಿಂತೆವು. ನಾಲ್ಕು. ಸ್ವಲ್ಪ ಹೊತ್ತಾಯಿತು. ನಾಲ್ಕೇ. ಚಹಾ ಆರಿತು. ಅವನು ಕುರ್ಚಿಯ ತುದಿಗೆ ಬಂದ.

"ನಿಧಾನ ಆಗ್ತದೆ ಕೆಲವೊಮ್ಮೆ," ಎಂದ.

"ಮೊದಲಿನದು ಒಂದು ಕ್ಷಣದಲ್ಲಿ ಆಗಿತ್ತಲ್ಲ?" ಎಂದೆ.

ಇನ್ನೂ ಕಾದೆವು. ಕೊನೆಗೆ ದೋಷಗಳ ದಾಖಲೆಯಲ್ಲಿ ಒಂದು ಹೊಸ ಸಾಲು ಬಿತ್ತು. ಪ್ರೊಸೆಸರನ್ನು ತೆಗೆಯಲು ಹೊರಟು ಕೈಬಿಟ್ಟೆ. ಅದೇ ಸಾಲು. ಆ ಸಂಜೆಯ ಸಾಲಿನ ಪಕ್ಕದಲ್ಲಿಟ್ಟು ಪದಕ್ಕೆ ಪದ ಹೋಲಿಸಿದೆವು. ಆ ಸಂಜೆಯದು ಯಂತ್ರ ನಿಲ್ಲುವುದಕ್ಕೆ ಸಾಕಷ್ಟು ಮೊದಲೇ ಬಿದ್ದಿತ್ತು. ಇದನ್ನು ನಾನು ಆಗಲೇ ಗಮನಿಸಬೇಕಿತ್ತು. ಬಹುಶಃ ಗಮನಿಸಿಯೂ ಇದ್ದೆ. ಆದರೆ ಸಾಲಿನ ಅರ್ಥ ಗೊತ್ತಿಲ್ಲದಿದ್ದಾಗ ಅದರ ಹೊತ್ತು ನೋಡಿ ಏನು ಮಾಡುವುದು?

ಮ್ಯಾನೇಜರರಿಗೆ ವಿವರಿಸಬೇಕಾಯಿತು. ಇಂಜಿನಿಯರ್ ಇಂಗ್ಲಿಷಿನಲ್ಲಿ ಶುರು ಮಾಡಿ ಸಿಕ್ಕಿಹಾಕಿಕೊಂಡ. ನಾನು ಬೆಂಚಿನ ಉದಾಹರಣೆ ಕೊಟ್ಟೆ. ಒಂದು ಬೆಂಚಿನಲ್ಲಿ ನಾಲ್ವರು ಕೂತಿದ್ದಾರೆ. ಯಾರೇ ಎದ್ದು ಹೋದರೂ ಉಳಿದವರು ಜರುಗಿ ಕೂರುತ್ತಾರೆ. ಖಾಲಿಯಾಗುವುದು ಯಾವಾಗಲೂ ತುದಿಯ ಜಾಗ. ಯಂತ್ರವೂ ಯಾವುದನ್ನೇ ತೆಗೆಯಲಿ, ಸಂಖ್ಯೆಗಳನ್ನು ಜರುಗಿಸಿ ಕೊನೆಯ ಸಂಖ್ಯೆಯನ್ನು ಅಳಿಸುತ್ತದೆ. ನಾವೋ ನಮ್ಮ ಓಟವನ್ನು ತುದಿಯ ಜಾಗಕ್ಕೇ ಹಗ್ಗ ಹಾಕಿ ಬಿಗಿದಿದ್ದೇವೆ. ಯಂತ್ರ ಅದಕ್ಕೆ ಎದ್ದೇಳು ಎನ್ನುತ್ತದೆ, ಕಾಯುತ್ತದೆ. ನಮ್ಮ ಓಟಕ್ಕೆ ಆ ಕರೆ ಕೇಳಿಸಿಕೊಳ್ಳಲು ಯಾರೂ ಕಲಿಸಿಲ್ಲ. ಕೊನೆಗೆ ಯಂತ್ರ ಸುಮ್ಮನಾಗುತ್ತದೆ. ಕೆಟ್ಟದ್ದು ಒಳಗೇ ಉಳಿಯುತ್ತದೆ. ಪೂರ್ತಿ ಕೆಟ್ಟಾಗ ಎಲ್ಲರನ್ನೂ ಕೆಡವಿಕೊಂಡು ಬೀಳುತ್ತದೆ.

"ಅಂದ್ರೆ," ಎಂದರು ಮ್ಯಾನೇಜರ್, "ಮುಖ್ಯ ಕೆಲಸ ನಡೆಯುವಾಗ ಈ ಸೌಲಭ್ಯ ಇದ್ದೂ ಇಲ್ಲದ ಹಾಗೆ."

"ಹೌದು."

"ಇದನ್ನು ಮೊದಲೇ ಹೇಳ್ಬಾರದಾ ಮಾರಾಯ್ರೆ?" ಇದು ಇಂಜಿನಿಯರಿಗೆ.

"ನೀವು ಕಟ್ಟುತ್ತೀರಿ ಅಂತ ನನಗೆ ಕನಸು ಬಿದ್ದಿತ್ತಾ?"

"ಕಟ್ಟಲಿಕ್ಕೆ ಹೇಳಿದ್ದು ನಿಮ್ಮ ಕಂಪನಿಯವನೇ."

"ಅವ ಬಿಟ್ಟು ಹೋಗಿ ಎಷ್ಟು ಕಾಲ ಆಯ್ತು!"

ಅವರಿಬ್ಬರೂ ಜಗಳವಾಡುತ್ತಿರುವಾಗ ಅಕ್ಕ ಆರಿದ ಚಹಾದ ಲೋಟಗಳನ್ನು ಎತ್ತಿಕೊಂಡರು. ಮುಖದಲ್ಲಿ ಗೆದ್ದ ಭಾವವೇನೂ ಇರಲಿಲ್ಲ. "ಹಾಗಾದ್ರೆ ನಾನು ಕಟ್ಟಿದ್ದಕ್ಕೇ ಬಿದ್ದದ್ದಾ?" ಎಂದು ನನ್ನನ್ನು ಕೇಳಿದರು. ಕಟ್ಟುತ್ತಿದ್ದದ್ದು ಎಲ್ಲರೂ ಎಂದೆ. ಅದು ಅವರಿಗೆ ಸಾಕಾದಂತೆ ಕಾಣಲಿಲ್ಲ. ಪ್ರೊಸೆಸರ್ ಇರುವ ಹಲಗೆಯನ್ನು ಇಂಜಿನಿಯರಿನ ಕಂಪನಿ ಗೊಣಗಿಕೊಂಡು ಬದಲಾಯಿಸಿತು. ಕಟ್ಟುವ ಆಜ್ಞೆಯನ್ನು ಕಿತ್ತುಹಾಕಿದೆವು. ಓಟದಲ್ಲಿ ಕೃಪಾಂಕ ಎರಡು ಸಲ ಸೇರದಂತೆ ನಾನೇ ತಿದ್ದುಪಡಿ ಮಾಡಿದೆ. ಬೀಗದ ಕೈ ಅಕ್ಕನ ಮೇಜಿಗೆ ವಾಪಸು ಬಂತು. ಮ್ಯಾನೇಜರರ ಬಾಯಲ್ಲಿ ಅವರು ಮತ್ತೆ ಅಕ್ಕ ಆದರು.

ಆದರೆ ಮ್ಯಾನೇಜರರ ಅನುಮಾನ ಪೂರ್ತಿ ಹೋಗಲಿಲ್ಲ. "ಮೆಷಿನ್ ತಾನೇ ಬಿತ್ತು, ಒಪ್ಪಿದೆ," ಎಂದರು ಒಂದು ದಿನ, ನನ್ನೊಂದಿಗೆ ಮೆಟ್ಟಿಲಿಳಿಯುತ್ತಾ. "ಮತ್ತೆ ಮೊದಲಿಂದ ಓಡಿಸಿದ್ದು ಯಾರು? ಹಾಗೆ ಓಡಿಸಿದ್ರೆ ಎರಡು ಸಲ ಸೇರ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ ಅಂತೀರಾ? ಕಾರ್ಕಳಕ್ಕೆ ಸೇರಿತಲ್ಲ?" ಆ ಪ್ರಶ್ನೆ ನನ್ನೊಳಗೂ ಇತ್ತು. ಯಂತ್ರಕ್ಕೆ ಬರುತ್ತಿದ್ದದ್ದು ಪರೀಕ್ಷಾ ನಂಬರುಗಳು ಮಾತ್ರ, ಹೆಸರುಗಳಲ್ಲ; ತಮ್ಮನ ನಂಬರು ಯಾವುದೆಂದು ಅಕ್ಕನನ್ನು ಕೇಳದೆ ತಿಳಿಯುವಂತಿರಲಿಲ್ಲ. ಅಕ್ಕ ಬುದ್ಧಿವಂತರು. ಬುದ್ಧಿವಂತರ ಬಗ್ಗೆ ಇಂಥ ಪ್ರಶ್ನೆಗೆ ಕೊನೆಯಿಲ್ಲ. ಮುಂದಿನ ಓಟದಿಂದ ಅಕ್ಕ ಒಬ್ಬರೇ ಆ ಕೋಣೆಗೆ ಹೋಗುವುದನ್ನು ನಿಲ್ಲಿಸಿದರು. ಹುಡುಗಿಯರಲ್ಲಿ ಒಬ್ಬಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. "ನೀನು ಸುಮ್ಮನೆ ನೋಡು," ಎನ್ನುತ್ತಿದ್ದರು. ಅವಳು ಉಗುರು ಕಚ್ಚುತ್ತಾ ಕೂತಿರುತ್ತಿದ್ದಳು.

ಕೆಲವು ವರ್ಷಗಳಲ್ಲಿ ಕೇಂದ್ರ ಮುಚ್ಚಿತು. ನಾನು ಉಡುಪಿಯಲ್ಲಿ ಪಾಠ ಹೇಳುವ ಕೆಲಸ ಹಿಡಿದು ಕಡಿಯಾಳಿಯಲ್ಲಿ ಮನೆ ಮಾಡಿದೆ. ಹತ್ತಿಪ್ಪತ್ತು ಯಂತ್ರಗಳು ನನ್ನ ಕೈಯಿಂದ ದಾಟಿಹೋದವು. ಆ ಪ್ರಶ್ನೆ ಹೋಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮರೆಯುತ್ತಿದ್ದರೇನೋ.

2007ರ ಸುಮಾರಿಗೆ ಅಲೆವೂರಿನ ಬಸ್ ನಿಲ್ದಾಣದಲ್ಲಿ ಅಕ್ಕ ಸಿಕ್ಕಿದರು. ಅಲ್ಲೇ ಹತ್ತಿರ ಮನೆ ಮಾಡಿದ್ದರು, ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಕೈಚೀಲದಲ್ಲಿ ಬಸಳೆ ಇತ್ತು. ಅದೂ ಇದೂ ಮಾತಾಡಿದೆವು. ತಮ್ಮ ಮಲ್ಪೆಯಲ್ಲಿ ಐಸ್ ಪ್ಲಾಂಟಿನಲ್ಲಿದ್ದಾನೆ, ಮದುವೆಯಾಗಿದೆ ಎಂದರು. ಬಸ್ಸು ತಡವಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಆ ವರ್ಷ ನಿಮ್ಮ ತಮ್ಮ ಡಿಪ್ಲೊಮಾ ಪರೀಕ್ಷೆ ಬರೆದದ್ದು ಕಾರ್ಕಳದಲ್ಲಿ ಅಲ್ವಾ?"

"ಅಲ್ಲ, ಉಡುಪಿಯಲ್ಲಿ. ಅರ್ಜಿ ಹಾಕುವಾಗ ಅವ ಇಲ್ಲಿ ಅಂಗಡಿಯಲ್ಲಿ ಇದ್ದ. ಆಮೇಲೆ ಮಾವನ ಮನೆಗೆ ಹೋದದ್ದು. ಯಾಕೆ?"

"ಸುಮ್ಮನೆ."

ಅವರು ನನ್ನ ಮುಖವನ್ನು ನೋಡಿದರು. ಆ ನೋಟದಲ್ಲಿ ಏನೋ ಲೆಕ್ಕ ಕೂಡಿಬಂದಂತೆ ಕಂಡಿತು. ಅಥವಾ ನನಗೆ ಹಾಗೆನ್ನಿಸಿತು.

"ಅದಕ್ಕೆಯಾ ಕೀ ತೆಗೆದುಕೊಂಡದ್ದು?" ಎಂದರು.

ನಾನು ಹೌದೆಂದೆ.

"ನನ್ನನ್ನು ಕೇಳಿದ್ರೆ ಅವತ್ತೇ ಹೇಳ್ತಿದ್ದೆನಲ್ಲ ಮಾರಾಯ್ರೆ," ಎಂದು ಚೀಲವನ್ನು ಇನ್ನೊಂದು ಕೈಗೆ ದಾಟಿಸಿದರು. ಬಸ್ಸು ಬಂತು, ಹತ್ತಿದರು, ಕಿಟಕಿಯಿಂದ ಕೈ ಬೀಸಲಿಲ್ಲ.

ಓಟ ಊರುಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ತೆಗೆದುಕೊಳ್ಳುತ್ತಿತ್ತು. ಯಂತ್ರ ಬಿದ್ದಾಗ ಉಡುಪಿಯ ಸರದಿ ಬಂದೇ ಇರಲಿಲ್ಲ. ಅಲ್ಲಿ ಬರೆದವರಿಗೆ ಕೃ‍ಪಾಂಕ ಸೇರಿದ್ದು ಒಂದೇ ಸಲ. ಅಕ್ಕ ಹೇಳಿದ್ದು ನಿಜವಾದರೆ, ಓಟವನ್ನು ಮತ್ತೆ ಮೊದಲಿಂದ ಓಡಿಸಿದ್ದರಿಂದ ಅವರ ತಮ್ಮನಿಗೆ ಅರ್ಧ ಅಂಕವೂ ಸಿಕ್ಕಿರಲಿಲ್ಲ. ನಿಜವಾದರೆ. ಆರು ವರ್ಷ ಹಿಂದಿನ ಮಾತು, ಹೇಳಿದವರು ಅಕ್ಕನೇ, ಅದನ್ನು ಕೇಳಿಸಿಕೊಂಡ ನಾನು ಕಾವಲುಗಾರನಿಗಿಂತ ಉತ್ತಮ ಸಾಕ್ಷಿಯೇನಲ್ಲ. ಉಡುಪಿಯ ಆ ಪರೀಕ್ಷಾ ಕೇಂದ್ರದಲ್ಲಿ ನನ್ನ ಪರಿಚಯದವರು ಒಬ್ಬರಿದ್ದರು. ಅವರಿಗೆ ಒಂದೆರಡು ಸಲ ನೆನಪಿಸಬೇಕಾಯಿತು. ಹಳೆಯದನ್ನೆಲ್ಲ ಎಲ್ಲಿ ಹುಡುಕುವುದು ಎಂದು ಬೈದುಕೊಂಡೇ ಹುಡುಕಿದರು. ಹುಡುಗ ಪರೀಕ್ಷೆ ಬರೆದದ್ದು ಉಡುಪಿಯಲ್ಲಿ.